ಟ್ಯಾಂಕ್ ತುಂಬಿದರೆ ಮೋಟರ್ ನಿಲ್ಲಲೇಬೇಕು: ಇಎಸ್‌ಪಿ32 ಬಳಸಿ ಮನೆಯಲ್ಲೇ ಮಾಡುವ ನೀರಿನ ಕಂಟ್ರೋಲರ್

ಮೋಟರ್ ಆನ್ ಮಾಡುವ ಪ್ರೋಗ್ರಾಂ ಬರೆಯಲು ಒಂದು ಸಂಜೆ ಸಾಕು. ನೀರು ಇಷ್ಟಕ್ಕಿಂತ ಇಳಿದರೆ ರಿಲೇ (ಪ್ರೋಗ್ರಾಂ ಹೇಳಿದಂತೆ ನಡೆಯುವ ವಿದ್ಯುತ್ ಸ್ವಿಚ್) ಆನ್, ಅಷ್ಟಕ್ಕಿಂತ ಏರಿದರೆ ಆಫ್. ಹತ್ತು ಸಾಲಿನ ಕೋಡು. ಶನಿವಾರ ಜೋಡಿಸಿದ ಇಂಥ ಪ್ರಾಜೆಕ್ಟು ಮುಂದಿನ ಶನಿವಾರದ ಹೊತ್ತಿಗೆ ತಾರಸಿಯಿಂದ ಅಂಗಳಕ್ಕೆ ನೀರು ಸುರಿಸುತ್ತಿರುತ್ತದೆ, ಇಲ್ಲವೇ ಸಂಪು ಖಾಲಿಯಾದ ಮೇಲೂ ಮೋಟರ್ ಒಣಗಿಕೊಂಡು ಓಡುತ್ತಿರುತ್ತದೆ. ಸೆನ್ಸರ್ ಸುಳ್ಳು ಹೇಳಿದಾಗ, ತಾರಸಿಯ ಬೋರ್ಡ್ ಸತ್ತಾಗ, ರಿಲೇಯ ಕಾಂಟ್ಯಾಕ್ಟ್ (ಒಳಗೆ ಕೂಡಿ ಬಿಡುವ ಲೋಹದ ತುದಿ) ಅಂಟಿಕೊಂಡಾಗ ಏನಾಗಬೇಕು ಎನ್ನುವುದು ಆ ಹತ್ತು ಸಾಲಿನಲ್ಲಿ ಇರುವುದಿಲ್ಲ. ಹಾಗಾಗಿ ಇಲ್ಲಿ ಮೋಟರ್ ಓಡಿಸುವ ಮಾತು ಕಡಿಮೆ, ನಿಲ್ಲಿಸುವ ಮಾತೇ ಹೆಚ್ಚು.

ಉದಾಹರಣೆಗೆ ಹಿಡಿದಿರುವುದು ಊರಿನ ಸಾಮಾನ್ಯ ಮನೆ: ನೆಲದಲ್ಲಿ ಸಂಪು, ಅರ್ಧ ಅಥವಾ 1 ಎಚ್‌ಪಿಯ ಸಿಂಗಲ್ ಫೇಸ್ ಮೋನೋಬ್ಲಾಕ್ ಮೋಟರ್, ತಾರಸಿಯ ಮೇಲೆ 1000 ಲೀಟರ್‌ನ ದುಂಡನೆಯ ಪ್ಲಾಸ್ಟಿಕ್ ಟ್ಯಾಂಕ್. ಬೋರ್‌ವೆಲ್ ಪ್ಯಾನೆಲ್ ಇರುವವರಿಗೆ ಮಧ್ಯದಲ್ಲಿ ಪ್ರತ್ಯೇಕ ಮಾತಿದೆ. 230 ವೋಲ್ಟ್ ಭಾಗವನ್ನು ಮುಟ್ಟುವ ಮೊದಲು ಎಂಸಿಬಿ ಕೆಳಗಿಳಿಸಿ, ಟೆಸ್ಟರ್ ಹಿಡಿದು ನೋಡಿ. ಆ ಕೆಲಸ ಕೈಗೆ ಅಭ್ಯಾಸವಿಲ್ಲದಿದ್ದರೆ ಅಷ್ಟನ್ನು ಎಲೆಕ್ಟ್ರಿಷಿಯನ್ ಕೈಯಲ್ಲಿ ಮಾಡಿಸಿ. ಆ ಲೈನಿನಲ್ಲಿ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಇದೆಯೇ ಎಂದೂ ನೋಡಿಕೊಳ್ಳಿ.

ಬೇಕಾದ ಸಾಮಾನು ಹೆಚ್ಚಿಲ್ಲ. ಇಎಸ್‌ಪಿ32 (ವೈಫೈ ಇರುವ ಪುಟ್ಟ ಕಂಪ್ಯೂಟರ್ ಚಿಪ್) ಡೆವ್ ಬೋರ್ಡ್ ಎರಡು, ಒಂದು ತಾರಸಿಗೆ, ಇನ್ನೊಂದು ಮೋಟರ್ ಪಕ್ಕಕ್ಕೆ. ವಾಟರ್‌ಪ್ರೂಫ್ ಅಲ್ಟ್ರಾಸಾನಿಕ್ ಸೆನ್ಸರ್ ಒಂದು. ಜೆಡಿ-ವಿಸಿಸಿ ಜಂಪರ್ (ರಿಲೇಯ ಕಾಯಿಲ್‌ಗೆ ಬೇರೆ ವಿದ್ಯುತ್ ಕೊಡಲು ಕಿತ್ತು ತೆಗೆಯಬಹುದಾದ ಪುಟ್ಟ ಕೊಂಡಿ) ಇರುವ ಎರಡು ಚಾನೆಲ್‌ನ ರಿಲೇ ಬೋರ್ಡ್ ಒಂದು. ಒಂದೇ ಚಾನೆಲ್‌ನ ಅಗ್ಗದ ಬೋರ್ಡ್‌ಗಳಲ್ಲಿ ಈ ಜಂಪರ್ ಸಾಮಾನ್ಯವಾಗಿ ಇರುವುದಿಲ್ಲ. 230 ವೋಲ್ಟ್ ಕಾಯಿಲ್‌ನ ಕಾಂಟ್ಯಾಕ್ಟರ್ (ಮೋಟರ್‌ನ ಭಾರಿ ಕರೆಂಟ್ ತಾಳುವ ದೊಡ್ಡ ರಿಲೇ), ಮೋಟರ್‌ಗಳಿಗೆಂದೇ ಇರುವ ಎಸಿ-3 ವರ್ಗದಲ್ಲಿ ಅರ್ಧ ಎಚ್‌ಪಿಗೆ 9 ಆಂಪ್, 1 ಎಚ್‌ಪಿಗೆ 12 ಆಂಪ್. ನೀರಿನ ಮೇಲೆ ತೇಲುತ್ತಾ ಆನ್-ಆಫ್ ಆಗುವ ಫ್ಲೋಟ್ ಸ್ವಿಚ್ ಒಂದೋ ಎರಡೋ. ಮೂರು ಸ್ಥಾನದ ಸೆಲೆಕ್ಟರ್ ಸ್ವಿಚ್, ಇಟ್ಟ ಸಮಯ ಮುಗಿದರೆ ಲೈನ್ ಕಡಿಯುವ ಒಂದು ಟೈಮರ್ ರಿಲೇ, ಕಾಯಿಲ್‌ಗೆ ಹಾಕಲು ಸ್ನಬ್ಬರ್ (ಕಿಡಿ ತಣಿಸುವ ರೆಸಿಸ್ಟರ್-ಕೆಪಾಸಿಟರ್ ಜೋಡಿ), 470 ಮೈಕ್ರೋಫ್ಯಾರಡ್‌ನ ಎರಡು ಕೆಪಾಸಿಟರ್, ನೀರು, ಧೂಳು ಒಳಹೋಗದ ಐಪಿ65 ಡಬ್ಬಿ ಎರಡು, ತಂತಿ ಒಳಹೋಗುವ ತೂತು ಬಿಗಿಯುವ ಕೇಬಲ್ ಗ್ಲ್ಯಾಂಡ್‌ಗಳು. ಬೆಂಗಳೂರಿನವರಿಗೆ ಇಷ್ಟೂ ಎಸ್.ಪಿ. ರೋಡಿನ ಒಂದೇ ಸುತ್ತಿನಲ್ಲಿ ಸಿಗುತ್ತದೆ.

ಸೆನ್ಸರ್ ಎಲ್ಲಿ ಮೋಸ ಮಾಡುತ್ತದೆ

ಅಂಗಡಿಯಲ್ಲಿ ಕೇಳಿದರೆ ಮೊದಲು ಕೈಗೆ ಕೊಡುವುದು ಜೆಎಸ್‌ಎನ್-ಎಸ್‌ಆರ್04ಟಿ. ಕಾರಿನ ರಿವರ್ಸ್ ಸೆನ್ಸರ್‌ನಂತೆ ಕಾಣುವ ಕಪ್ಪು ಬಿಲ್ಲೆ, ಉದ್ದನೆಯ ತಂತಿ, ತುದಿಗೆ ಪುಟ್ಟ ಬೋರ್ಡ್. ಕೆಲಸ ಮಾಡುತ್ತದೆ, ಆದರೆ ಅದಕ್ಕೆ 20ರಿಂದ 25 ಸೆಂ.ಮೀ.ನಷ್ಟು ಕುರುಡು ಜಾಗವಿದೆ. ಶಬ್ದ ಕಳಿಸುವುದೂ ಕೇಳುವುದೂ ಒಂದೇ ಬಿಲ್ಲೆಯಾದ್ದರಿಂದ, ದೇವಸ್ಥಾನದ ಗಂಟೆ ಬಡಿದ ಮೇಲೂ ಗುಂಯ್‌ಗುಡುವ ಹಾಗೆ ಶಬ್ದ ಕಳಿಸಿದ ನಂತರವೂ ಅದು ಸ್ವಲ್ಪ ಹೊತ್ತು ಕಂಪಿಸುತ್ತಿರುತ್ತದೆ. ಅಷ್ಟರೊಳಗೆ ಮರಳಿದ ಪ್ರತಿಧ್ವನಿ ಅದಕ್ಕೆ ಕೇಳುವುದೇ ಇಲ್ಲ.

ಇದರ ಪರಿಣಾಮ ನೋಡಿ. ಮನೆಯ ಟ್ಯಾಂಕ್ ತುಂಬಿದಾಗ ನೀರಿಗೂ ಮೇಲ್ಭಾಗಕ್ಕೂ ಉಳಿಯುವ ಅಂತರ ಸಾಮಾನ್ಯವಾಗಿ 10–15 ಸೆಂ.ಮೀ. ಅಂದರೆ ತುಂಬಿದ ಟ್ಯಾಂಕ್ ಪೂರ್ತಿ ಕುರುಡು ಜಾಗದೊಳಗೇ ಇದೆ. ಅಲ್ಲಿ ಸೆನ್ಸರ್ 12 ಎಂದು ಹೇಳುವುದಿಲ್ಲ; 20ರ ಆಸುಪಾಸಿನಲ್ಲಿ ಅಂಟಿಕೊಂಡು ನಿಲ್ಲುತ್ತದೆ, ಇಲ್ಲವೇ ನೀರಿಗೆ ಬಡಿದು, ಮುಚ್ಚಳಕ್ಕೆ ಬಡಿದು, ಮತ್ತೆ ನೀರಿಗೆ ಬಡಿದು ಬಂದ ಎರಡನೇ ಪ್ರತಿಧ್ವನಿಯನ್ನು ಹಿಡಿದು ದೊಡ್ಡ ಸಂಖ್ಯೆಯನ್ನೇ ಕೊಡುತ್ತದೆ. ದೂರ ಹೆಚ್ಚಾಯಿತು ಎಂದರೆ ಪ್ರೋಗ್ರಾಂಗೆ ನೀರು ಕಡಿಮೆಯಾಯಿತು ಎಂದರ್ಥ. ತುಂಬಿ ತುಳುಕುವ ಹೊತ್ತಿನಲ್ಲೇ ಮೋಟರ್ ಮತ್ತೆ ಆನ್ ಆಗುತ್ತದೆ. ‘ನಿನ್ನೆವರೆಗೆ ಸರಿಯಾಗಿತ್ತು, ಇವತ್ತು ಉಕ್ಕಿತು’ ಎನ್ನುವ ದೂರುಗಳಲ್ಲಿ ಮೊದಲು ನೋಡಬೇಕಾದ್ದು ಇದನ್ನೇ.

ಆದ್ದರಿಂದ ಎ02ವೈವೈಯುಡಬ್ಲ್ಯು ಎಂಬ ಸೆನ್ಸರ್ ತೆಗೆದುಕೊಳ್ಳಿ. ಬೆಲೆ ಹೆಚ್ಚು, ಆದರೆ ಕುರುಡು ಜಾಗ 3 ಸೆಂ.ಮೀ. ಮಾತ್ರ, ಅಳತೆ 4.5 ಮೀಟರ್‌ವರೆಗೆ. ದೂರವನ್ನು ತಾನೇ ಲೆಕ್ಕಹಾಕಿ 9600 ಬಾಡ್ (ಸೆಕೆಂಡಿಗೆ 9600 ಬಿಟ್) ವೇಗದ ಸೀರಿಯಲ್ ಸಂದೇಶವಾಗಿ ಕಳಿಸುತ್ತದೆ. 3.3 ವೋಲ್ಟ್‌ನಲ್ಲೂ ನಡೆಯುವುದರಿಂದ ಬೋರ್ಡ್‌ನ 3.3 ವೋಲ್ಟ್ ಪಿನ್ನಿನಿಂದಲೇ ವಿದ್ಯುತ್ ಕೊಡಬಹುದು. ಇಎಸ್‌ಪಿ32ರ ಪಿನ್ನಿಗೆ 5 ವೋಲ್ಟ್ ನುಗ್ಗುವ ಭಯವಿಲ್ಲ. ಈಗಾಗಲೇ ಜೆಎಸ್‌ಎನ್ ಕೊಂಡಿದ್ದರೆ ಎರಡು ಕೆಲಸ ಮಾಡಿ. 5 ವೋಲ್ಟ್‌ನಲ್ಲಿ ಓಡಿಸುವುದಾದರೆ ಎಕೋ ಪಿನ್ನಿಗೆ (ಸೆನ್ಸರ್ ಉತ್ತರ ಕೊಡುವ ಪಿನ್) 1 ಕಿಲೋಓಮ್ ಮತ್ತು 2 ಕಿಲೋಓಮ್ ರೆಸಿಸ್ಟರ್‌ಗಳ ವೋಲ್ಟೇಜ್ ಡಿವೈಡರ್ ಹಾಕಿ, 5 ವೋಲ್ಟ್ ಇಳಿದು 3.3 ಆಗುತ್ತದೆ. ಆಮೇಲೆ 110 ಮಿ.ಮೀ. ಪಿವಿಸಿ ಪೈಪಿನ 20 ಸೆಂ.ಮೀ. ತುಂಡನ್ನು ಟ್ಯಾಂಕಿನ ಮೇಲೆ ನಿಲ್ಲಿಸಿ, ಅದರ ತುದಿಯಲ್ಲಿ ಸೆನ್ಸರ್ ಕೂರಿಸಿ. ಪೈಪಿನ ಕೆಳಗಿನ ಅಂಚನ್ನು ಮರಳು ಕಾಗದದಿಂದ ಚೆನ್ನಾಗಿ ಉಜ್ಜಬೇಕು. ಗರಗಸದ ಜೂಲು ಉಳಿದರೆ ಅದೇ ಪ್ರತಿಧ್ವನಿ ಕೊಟ್ಟು, ನೀರು ಎಲ್ಲಿದ್ದರೂ ‘20 ಸೆಂ.ಮೀ.’ ಎಂದೇ ತೋರಿಸುತ್ತದೆ.

ಎ02 ಕಳಿಸುವ ಸಂದೇಶ ನಾಲ್ಕೇ ಬೈಟ್. ಮೊದಲನೆಯದು ಯಾವಾಗಲೂ 255. ಎರಡು ಮತ್ತು ಮೂರನೆಯವು ಮಿ.ಮೀ.ಗಳಲ್ಲಿ ದೂರ: ಎರಡನೆಯದನ್ನು 256ರಿಂದ ಗುಣಿಸಿ ಮೂರನೆಯದನ್ನು ಕೂಡಬೇಕು. ನಾಲ್ಕನೆಯದು ಮೊದಲ ಮೂರರ ಮೊತ್ತದ ಕೊನೆಯ ಎಂಟು ಬಿಟ್. 255, 2, 113, 114 ಎಂದು ಬಂದರೆ ದೂರ 512 + 113, ಅಂದರೆ 625 ಮಿ.ಮೀ. ಮೊತ್ತ 370, ಅದರಲ್ಲಿ 256 ಕಳೆದರೆ 114, ತಾಳೆಯಾಯಿತು. 255 ಕಂಡ ತಕ್ಷಣ ಸಂದೇಶ ಶುರುವಾಯಿತು ಎಂದು ನಂಬುವ ಹಾಗಿಲ್ಲ, ದೂರದ ಬೈಟ್ ಕೂಡ 255 ಆಗಿರಬಹುದು. ಕೊನೆಯ ಬೈಟ್ ತಾಳೆಯಾಗದಿದ್ದರೆ ಪೂರ್ತಿ ಸಂದೇಶ ಎಸೆಯಿರಿ.

ಇಲ್ಲೇ ಇನ್ನೊಂದು ಸೂಕ್ಷ್ಮ. ಆರ್ಡುಯಿನೋದಲ್ಲಿ (ಇಂಥ ಬೋರ್ಡ್‌ಗೆ ಕೋಡು ಬರೆಯುವ ಸಾಫ್ಟ್‌ವೇರ್) ಇಎಸ್‌ಪಿ32ರ ಸೀರಿಯಲ್ ಬಫರ್ (ಬಂದ ಬೈಟ್‌ಗಳು ಓದುವವರೆಗೆ ಕಾಯುವ ಜಾಗ) ಮಾಮೂಲಿಯಾಗಿ 256 ಬೈಟ್. ಸೆನ್ಸರ್ ಸೆಕೆಂಡಿಗೆ ಹಲವು ಬಾರಿ ಮಾತಾಡುವುದರಿಂದ ಕೆಲವೇ ಸೆಕೆಂಡಿಗೆ ಅದು ತುಂಬಿಬಿಡುತ್ತದೆ; ಆಮೇಲೆ ಬರುವ ಹೊಸ ಬೈಟ್‌ಗಳಿಗೆ ಜಾಗವಿಲ್ಲ. ಹತ್ತು ಸೆಕೆಂಡಿಗೊಮ್ಮೆ ಓದುವ ಪ್ರೋಗ್ರಾಂ ಹೀಗಾಗಿ ಹಳಸಿದ ಅಳತೆಯನ್ನೇ ಹೊಸದೆಂದು ಓದುತ್ತದೆ. ಪ್ರತಿ ಸಲ ಓದುವ ಮುಂಚೆ ಬಫರ್ ಖಾಲಿ ಮಾಡಿ, ಆಮೇಲೆ ಬರುವ ಏಳು ಅಳತೆಗಳನ್ನು ತೆಗೆದುಕೊಳ್ಳಿ.

ಆ ಏಳರ ಸರಾಸರಿ ತೆಗೆಯಬೇಡಿ, ನಡುವಿನದನ್ನು ಆರಿಸಿ. 62, 61, 62, 187, 62, 63, 61 ಸೆಂ.ಮೀ. ಬಂದವು ಎನ್ನಿ. ಸರಾಸರಿ ಸುಮಾರು 80. ಒಂದೇ ಒಂದು ತಪ್ಪು ಪ್ರತಿಧ್ವನಿ 18 ಸೆಂ.ಮೀ. ನೀರು ಕುಡಿದುಬಿಟ್ಟಿತು. ಅದೇ ಏಳನ್ನು ಸಾಲಾಗಿ ಜೋಡಿಸಿ ನಾಲ್ಕನೆಯದನ್ನು ಎತ್ತಿಕೊಂಡರೆ 62.

ಬಿಸಿಲಿನ ಬಗ್ಗೆ ತಲೆಕೆಡಿಸಿಕೊಳ್ಳುವವರಿಗೆ ಒಂದು ಲೆಕ್ಕ. ಶಬ್ದದ ವೇಗ 20 ಡಿಗ್ರಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್, 40 ಡಿಗ್ರಿಯಲ್ಲಿ ಸುಮಾರು 355. ಉಷ್ಣತೆಯನ್ನು ಲೆಕ್ಕಕ್ಕೆ ಹಿಡಿಯದ ಸೆನ್ಸರ್‌ನಲ್ಲಿ ಶೇ. 3.5ರಷ್ಟು ತಪ್ಪು. ಆದರೆ ತಪ್ಪು ದೂರದ ಜೊತೆ ಬೆಳೆಯುತ್ತದೆ: ಖಾಲಿ ಟ್ಯಾಂಕಿನಲ್ಲಿ ಒಂದು ಮೀಟರ್‌ಗೆ ಮೂರೂವರೆ ಸೆಂ.ಮೀ., ತುಂಬಿದ ಟ್ಯಾಂಕಿನಲ್ಲಿ 15 ಸೆಂ.ಮೀ.ಗೆ ಅರ್ಧ ಸೆಂ.ಮೀ. ಉಕ್ಕುವ ತುದಿಯಲ್ಲಿ ಅಳತೆ ಸರಿಯಾಗಿಯೇ ಇರುತ್ತದೆ. ಮನೆಯ ಟ್ಯಾಂಕಿಗೆ ಇದಕ್ಕಾಗಿ ಬೇರೆ ಥರ್ಮಾಮೀಟರ್ ಹಾಕುವುದು ದಂಡ.

ಕೂರಿಸುವ ಜಾಗ

ಮುಚ್ಚಳಕ್ಕೆ ತೂತು ಕೊರೆದು ಸೆನ್ಸರ್ ಕೂರಿಸುವುದು ಎಲ್ಲರಿಗೂ ಹೊಳೆಯುವ ದಾರಿ, ಒಳ್ಳೆಯ ದಾರಿಯಲ್ಲ. ಟ್ಯಾಂಕ್ ತೊಳೆಯಲು ಬಂದವರು ಮುಚ್ಚಳ ತೆಗೆದು ಪಕ್ಕಕ್ಕಿಡುತ್ತಾರೆ, ತಿರುಗಿ ಹಾಕುವಾಗ ಓರೆ ಕೂರುತ್ತದೆ. ಸೆನ್ಸರ್ ನಾಲ್ಕೈದು ಡಿಗ್ರಿ ವಾಲಿದರೂ ಪ್ರತಿಧ್ವನಿ ಗೋಡೆಯತ್ತ ಹೋಗುತ್ತದೆ. ಮುಚ್ಚಳದ ಪಕ್ಕದ ಗಟ್ಟಿ ಭಾಗದಲ್ಲಿ, ಗೋಡೆಯಿಂದ ಕನಿಷ್ಠ 30 ಸೆಂ.ಮೀ. ಒಳಗೆ, ನೀರು ಬೀಳುವ ಪೈಪಿನಿಂದ ಆದಷ್ಟು ದೂರ ಕೊರೆಯಿರಿ. ಕೊರೆಯುವ ಮುಂಚೆ ಬಿಲ್ಲೆಯ ವ್ಯಾಸ ಅಳೆದುಕೊಳ್ಳಿ. ಕೊರೆದ ಪುಡಿ ನೀರಿಗೆ ಬೀಳದಂತೆ ಕೆಳಗೆ ಒದ್ದೆ ಬಟ್ಟೆ ಹಿಡಿಯಲು ಇನ್ನೊಬ್ಬರು ಬೇಕು. ಪ್ಲಾಸ್ಟಿಕ್ ಟ್ಯಾಂಕಿನ ಸುತ್ತ ಇರುವ ಬಳೆಯಂಥ ಉಬ್ಬುಗಳೂ ಗೋಡೆಗೆ ಹತ್ತಿರವಿದ್ದ ಸೆನ್ಸರ್‌ಗೆ ಪ್ರತಿಧ್ವನಿ ಕೊಡುತ್ತವೆ.

ಬೆಳಗಿನ ಜಾವ ಬಿಲ್ಲೆಯ ಮೇಲೆ ಹನಿ ಕಟ್ಟುತ್ತದೆ. ಆ ಹೊತ್ತಿನಲ್ಲಿ ಅಳತೆ ಹುಚ್ಚುಹುಚ್ಚಾಗಿ ಬರುವುದು ಸಹಜ. ಹನಿ ಉದುರಿದರೆ ಸರಿಹೋಗುತ್ತದೆ, ಪ್ರೋಗ್ರಾಂ ಅಷ್ಟು ಹೊತ್ತು ಮೋಟರ್ ಮುಟ್ಟದೆ ಕಾಯಬೇಕು, ಅಷ್ಟೆ.

ಕೂರಿಸಿದ ಮೇಲೆ ಅಳೆದು ಬರೆದಿಟ್ಟುಕೊಳ್ಳಬೇಕಾದ ಸಂಖ್ಯೆ ನಾಲ್ಕು. ಸೆನ್ಸರ್‌ನಿಂದ ಮನೆಗೆ ನೀರಿಳಿಯುವ ಪೈಪಿನ ಬಾಯಿಗೆ ಎಷ್ಟು, ಅದು ಸೊನ್ನೆ. ಓವರ್‌ಫ್ಲೋ ಪೈಪಿಗಿಂತ 5 ಸೆಂ.ಮೀ. ಕೆಳಕ್ಕೆ ಎಷ್ಟು, ಅದು ನೂರು. ಟ್ಯಾಂಕಿನ ಸುತ್ತಳತೆ: ದಾರ ಸುತ್ತಿ ನೋಡಿದಾಗ 345 ಸೆಂ.ಮೀ. ಬಂದರೆ ವ್ಯಾಸ 110, ಒಂದು ಸೆಂ.ಮೀ. ನೀರೆಂದರೆ ಸುಮಾರು 9.5 ಲೀಟರ್. ನಾಲ್ಕನೆಯದು, ಮನೆಯ ನಲ್ಲಿಗಳನ್ನೆಲ್ಲ ನಿಲ್ಲಿಸಿ ಹತ್ತು ನಿಮಿಷ ಮೋಟರ್ ಓಡಿಸಿದರೆ ನೀರು ಎಷ್ಟು ಏರುತ್ತದೆ ಎಂಬುದು. 26 ಸೆಂ.ಮೀ. ಏರಿದರೆ ಮೋಟರ್ ನಿಮಿಷಕ್ಕೆ 25 ಲೀಟರ್ ಎತ್ತುತ್ತಿದೆ. ಈ ನಾಲ್ಕನೇ ಸಂಖ್ಯೆಯೇ ಮುಂದೆ ಮೋಟರ್ ಕಾಯುವುದು.

ಮೇಲಿನ ಬೋರ್ಡ್‌ನಿಂದ ಕೆಳಗಿನ ಬೋರ್ಡ್‌ಗೆ

ಸೆನ್ಸರ್‌ನ ತಂತಿಯನ್ನೇ ಕೆಳಗಿನವರೆಗೆ ಎಳೆಯಲು ಹೋಗಬೇಡಿ. ತಾರಸಿಯಲ್ಲಿ ಒಂದು ಬೋರ್ಡ್ ಇರಲಿ, ಅದು ಇಎಸ್‌ಪಿ-ನೌ (ಇಎಸ್‌ಪಿ ಬೋರ್ಡ್‌ಗಳು ತಮ್ಮತಮ್ಮಲ್ಲೇ ನೇರ ಮಾತಾಡುವ ರೇಡಿಯೋ ವಿಧಾನ) ಮೂಲಕ ಕೆಳಗಿನದಕ್ಕೆ ಹೇಳಲಿ. ಇದಕ್ಕೆ ರೂಟರ್ ಬೇಕಿಲ್ಲ. ಒಂದು ಸಂದೇಶದಲ್ಲಿ 250 ಬೈಟ್ ಹಿಡಿಯುತ್ತದೆ, ನಮಗೆ ಬೇಕಾದ್ದು ಹತ್ತರೊಳಗೆ: ಮಿ.ಮೀ.ಯಲ್ಲಿ ದೂರ, ಪ್ರತಿ ಸಲ ಒಂದೊಂದು ಹೆಚ್ಚುವ ಕ್ರಮಸಂಖ್ಯೆ, ಸೆನ್ಸರ್ ಸರಿಯಿದೆಯೋ ಇಲ್ಲವೋ ಎಂಬ ಒಂದು ಬಿಟ್. ಐದು ಸೆಕೆಂಡಿಗೊಂದು ಸಂದೇಶ ಸಾಕು. ಇಂಟರ್ನೆಟ್ಟಿನಲ್ಲಿ ಸಿಗುವ ಹಳೆಯ ಉದಾಹರಣೆಗಳು ಆರ್ಡುಯಿನೋದ ಇಎಸ್‌ಪಿ32 ಕೋರ್‌ನ 3ನೇ ಆವೃತ್ತಿಯಲ್ಲಿ ಕಂಪೈಲ್ ಆಗುವುದಿಲ್ಲ. ಸಂದೇಶ ಬಂದಾಗ ಕರೆಯುವ ಫಂಕ್ಷನ್‌ನ ಮೊದಲ ಪ್ಯಾರಾಮೀಟರ್ ಬದಲಾಗಿದೆ. ತಪ್ಪು ನಿಮ್ಮದಲ್ಲ.

ಕೆಳಗಿನ ಬೋರ್ಡ್ ಮನೆಯ ವೈಫೈಗೂ ಸೇರಿಕೊಂಡು ಫೋನಿಗೆ ಸುದ್ದಿ ಕಳಿಸಬೇಕೆಂದರೆ ತೊಡಕು ಶುರು. ಇಎಸ್‌ಪಿ-ನೌ ಮತ್ತು ವೈಫೈ ಒಂದೇ ರೇಡಿಯೋ ಹಂಚಿಕೊಳ್ಳುವುದರಿಂದ ಎರಡೂ ಒಂದೇ ಚಾನೆಲ್‌ನಲ್ಲಿರಬೇಕು. ಕರೆಂಟ್ ಹೋಗಿ ಬಂದಾಗ ರೂಟರ್ ತನ್ನಿಷ್ಟದ ಹೊಸ ಚಾನೆಲ್ ಹಿಡಿದರೆ ಕೆಳಗಿನ ಬೋರ್ಡ್ ಅದರ ಹಿಂದೆ ಹೋಗುತ್ತದೆ, ಮೇಲಿನದು ಹಳೆಯ ಚಾನೆಲ್‌ನಲ್ಲಿ ಒಂಟಿಯಾಗಿ ಕೂಗುತ್ತಿರುತ್ತದೆ. ರೂಟರ್‌ನಲ್ಲಿ ‘ಆಟೋ’ ತೆಗೆದು 1, 6, 11ರಲ್ಲಿ ಒಂದನ್ನು ಕಾಯಂ ಮಾಡಿ. ಅದರ ಜೊತೆಗೆ ಮೇಲಿನ ಬೋರ್ಡ್‌ಗೂ ಒಂದು ಬುದ್ಧಿ ಹೇಳಿಕೊಡಿ: ಸತತ ಹತ್ತು ಸಂದೇಶಗಳಿಗೆ ಸ್ವೀಕೃತಿ ಬರದಿದ್ದರೆ 1ರಿಂದ 13ರವರೆಗೆ ಒಂದೊಂದೇ ಚಾನೆಲ್ ತಡಕಾಡಲಿ. ಕೆಳಗಿನ ಬೋರ್ಡ್‌ನಲ್ಲಿ ವೈಫೈನ ನಿದ್ದೆಯ ಸೌಲಭ್ಯ ಆಫ್ ಮಾಡುವುದನ್ನು ಮರೆತರೆ ಆಗಾಗ ಸಂದೇಶಗಳು ಕಾಣೆಯಾಗುತ್ತಿರುತ್ತವೆ.

ಎರಡು ಆರ್‌ಸಿಸಿ ಛಾವಣಿ ದಾಟಬೇಕಾದರೆ ಬೋರ್ಡ್ ಮೇಲಿನ ಆಂಟೆನಾ ಸೋಲಬಹುದು. ಹೊರ ಆಂಟೆನಾ ಸಿಕ್ಕಿಸುವ ‘32ಯು’ ಮಾದರಿ ತೆಗೆದುಕೊಳ್ಳಿ. ಕಬ್ಬಿಣದ ಡಬ್ಬಿಯೊಳಗೆ ಯಾವ ಬೋರ್ಡನ್ನೂ ಇಡಬೇಡಿ.

ತಾರಸಿಗೆ ಕರೆಂಟ್ ಎಲ್ಲಿಂದ? ಸೋಲಾರ್ ವಾಟರ್ ಹೀಟರ್‌ನ ಬ್ಯಾಕಪ್ ಕಾಯಿಲ್‌ಗೆಂದು ಎಳೆದ ಲೈನ್ ಬಹಳ ಮನೆಗಳಲ್ಲಿದೆ, ಆದರೆ ಅದರ ಸ್ವಿಚ್ ಬಚ್ಚಲಿನ ಹೊರಗಿರುತ್ತದೆ. ಯಾರೋ ಆಫ್ ಮಾಡಿದರೆ ಬೋರ್ಡೂ ಆಫ್. ಕೆಳಗಿನಿಂದ ಕ್ಯಾಟ್-6 ಕೇಬಲ್ ಎಳೆದು ಕಳಿಸುವುದಾದರೆ 5 ವೋಲ್ಟ್ ಕಳಿಸಬೇಡಿ. 15 ಮೀಟರ್ ಹೋಗಿ ಬರುವ ಒಂದು ಜೋಡಿ ತಂತಿಯ ರೋಧ ಸುಮಾರು 2.5 ಓಮ್. ರೇಡಿಯೋ ಮಾತಾಡುವ ಕ್ಷಣಕ್ಕೆ ಬೋರ್ಡ್ 250 ಮಿಲಿಆಂಪ್ ಎಳೆದರೆ 0.6 ವೋಲ್ಟ್ ದಾರಿಯಲ್ಲೇ ಕಳೆದು, ಬೋರ್ಡ್ ಬ್ರೌನ್‌ಔಟ್ (ವೋಲ್ಟೇಜ್ ಸಾಲದು) ಎಂದು ಮತ್ತೆಮತ್ತೆ ರೀಸ್ಟಾರ್ಟ್ ಆಗುತ್ತದೆ. 12 ವೋಲ್ಟ್ ಕಳಿಸಿ, ಮೇಲೆ ಬಕ್ ಕನ್ವರ್ಟರ್‌ನಿಂದ 5ಕ್ಕೆ ಇಳಿಸಿ, ಬೋರ್ಡ್‌ನ 5 ವೋಲ್ಟ್ ಪಿನ್ ಹತ್ತಿರ 470 ಮೈಕ್ರೋಫ್ಯಾರಡ್ ಹಾಕಿ. ಡಬ್ಬಿಗೆ ತಂತಿಗಳೆಲ್ಲ ತಳದಿಂದಲೇ ಒಳಹೋಗಲಿ, ಹೋಗುವ ಮುಂಚೆ ಒಂದು ಸುತ್ತು ಕೆಳಗೆ ಜೋತುಬಿದ್ದಿರಲಿ. ತಂತಿಗುಂಟ ಇಳಿದ ಮಳೆನೀರು ಅಲ್ಲೇ ತೊಟ್ಟಿಕ್ಕುತ್ತದೆ.

ಮೋಟರ್ ಪಕ್ಕದ ಡಬ್ಬಿ

ನೀಲಿ ಚೌಕದ ಪುಟ್ಟ ರಿಲೇ ಮೇಲೆ 10 ಆಂಪ್, 250 ವೋಲ್ಟ್ ಎಂದು ಬರೆದಿರುತ್ತದೆ. 1 ಎಚ್‌ಪಿ ಮೋಟರ್ ಓಡುವಾಗ ಎಳೆಯುವುದು ಆರೇಳು ಆಂಪ್. ಸಾಕಲ್ಲ ಎನಿಸುತ್ತದೆ. ಆ 10 ಆಂಪ್ ಬಲ್ಬು, ಹೀಟರ್‌ಗಳ ಲೆಕ್ಕ. ಮೋಟರ್ ಸ್ಟಾರ್ಟ್ ಆಗುವ ಕ್ಷಣ ಓಡುವಾಗಿನ ಐದರಿಂದ ಏಳು ಪಟ್ಟು ಎಳೆಯುತ್ತದೆ. ಕೆಲವು ವಾರ ಕೆಲಸ ಮಾಡಿದ ರಿಲೇ ಒಂದು ದಿನ ಕಾಂಟ್ಯಾಕ್ಟ್ ಬೆಸೆದುಕೊಂಡು ನಿಲ್ಲುತ್ತದೆ. ಆಮೇಲೆ ಪ್ರೋಗ್ರಾಂ ಎಷ್ಟು ಸಲ ‘ಆಫ್’ ಎಂದರೂ ಮೋಟರ್ ಕೇಳುವುದಿಲ್ಲ. ರಿಲೇ ಓಡಿಸಬೇಕಾದ್ದು ಕಾಂಟ್ಯಾಕ್ಟರ್‌ನ ಕಾಯಿಲನ್ನು, ಮೋಟರನ್ನು ಓಡಿಸುವುದು ಕಾಂಟ್ಯಾಕ್ಟರ್.

ವೈರಿಂಗ್ ಹೀಗೆ. ಫೇಸ್ ಸೆಲೆಕ್ಟರ್ ಸ್ವಿಚ್‌ಗೆ ಬರಲಿ. ಅದಕ್ಕೆ ಆಟೋ, ಆಫ್, ಮ್ಯಾನ್ಯುಯಲ್ ಎಂದು ಮೂರು ಸ್ಥಾನ. ಆಟೋದಿಂದ ಟೈಮರ್ ರಿಲೇಯ ಕಾಂಟ್ಯಾಕ್ಟ್, ಅಲ್ಲಿಂದ ನಮ್ಮ ರಿಲೇಯ ನಾರ್ಮಲಿ ಓಪನ್ (ರಿಲೇ ಆಫ್ ಇದ್ದಾಗ ಬಿಟ್ಟಿರುವ) ಕಾಂಟ್ಯಾಕ್ಟ್, ಅಲ್ಲಿಂದ ಕಾಯಿಲ್, ಅಲ್ಲಿಂದ ನ್ಯೂಟ್ರಲ್. ಮ್ಯಾನ್ಯುಯಲ್‌ನಿಂದ ನೇರ ಕಾಯಿಲ್‌ಗೆ. ಈ ಸ್ವಿಚ್ ಇಲ್ಲದೆ ಯಾವ ಮನೆಯಲ್ಲೂ ಇದನ್ನು ಹಾಕಬೇಡಿ. ಪ್ರೋಗ್ರಾಂ ಬರೆದವರು ಊರಲ್ಲಿಲ್ಲದ ದಿನ ಅಮ್ಮನೋ ಅಜ್ಜಿಯೋ ಒಂದು ಸ್ವಿಚ್ ತಿರುಗಿಸಿ ನೀರು ಏರಿಸುವಂತಿರಬೇಕು.

ಕಾಯಿಲ್‌ನ ಎರಡು ತುದಿಗಳ ನಡುವೆ 100 ಓಮ್ ಮತ್ತು 0.1 ಮೈಕ್ರೋಫ್ಯಾರಡ್‌ನ ಸ್ನಬ್ಬರ್ ಹಾಕಿ. ಕೆಪಾಸಿಟರ್ ಎಕ್ಸ್2 ವರ್ಗದ, 275 ವೋಲ್ಟ್ ಎಸಿಯದೇ ಆಗಿರಬೇಕು. ಇದಿಲ್ಲದಿದ್ದರೆ ಕಾಂಟ್ಯಾಕ್ಟರ್ ಬಿಡುವ ಕ್ಷಣದ ಕಿಡಿಗೆ ಇಎಸ್‌ಪಿ32 ಹ್ಯಾಂಗ್ ಅಥವಾ ರೀಸೆಟ್ ಆಗಬಹುದು. ಲಕ್ಷಣ ಗುರುತಿಸುವುದು ಸುಲಭ: ಆನ್ ಮಾಡುವಾಗ ಏನೂ ಆಗದೆ, ಆಫ್ ಮಾಡುವಾಗ ಮಾತ್ರ ಬೋರ್ಡ್ ರೀಸೆಟ್ ಆಗುತ್ತಿದ್ದರೆ ಸ್ನಬ್ಬರ್‌ನದೇ ಕೊರತೆ.

ಈಗ ರಿಲೇ ಬೋರ್ಡ್‌ನ ಜೆಡಿ-ವಿಸಿಸಿ ಜಂಪರ್. ಈ ಬೋರ್ಡ್‌ಗಳಲ್ಲಿ ಪಿನ್ ಕೆಳಗೆಳೆದರೆ ರಿಲೇ ಆನ್. ಬೋರ್ಡಿಗೆ 5 ವೋಲ್ಟ್ ಕೊಟ್ಟು ಇಎಸ್‌ಪಿ32ರ 3.3 ವೋಲ್ಟ್ ಪಿನ್ ಜೋಡಿಸಿದರೆ, ‘ಆಫ್’ ಎಂದಾಗಲೂ ನಡುವೆ 1.7 ವೋಲ್ಟ್ ಉಳಿದು ರಿಲೇ ಅರ್ಧಂಬರ್ಧ ಹಿಡಿದುಕೊಂಡಿರಬಹುದು. ಜಂಪರ್ ಕಿತ್ತುಹಾಕಿ. ವಿಸಿಸಿಗೆ 3.3 ವೋಲ್ಟ್, ಜೆಡಿ-ವಿಸಿಸಿಗೆ 5 ವೋಲ್ಟ್ ಕೊಡಿ. ಡಬ್ಬಿ ಮುಚ್ಚುವ ಮೊದಲು ಇಪ್ಪತ್ತು ಸಲ ಆನ್-ಆಫ್ ಮಾಡಿ ನೋಡಿ. ಕೆಲವು ಬೋರ್ಡ್‌ಗಳಲ್ಲಿ 3.3 ವೋಲ್ಟ್‌ಗೆ ರಿಲೇ ಕಚ್ಚುವುದಿಲ್ಲ, ಅಂಥದ್ದನ್ನು ಬದಲಿಸಿ.

ಜಂಪರ್ ತೆಗೆದದ್ದರಿಂದ ಇನ್ನೊಂದು ಲಾಭವಿದೆ. ರಿಲೇಯ ಕಾಯಿಲ್‌ಗೆ ಹೋಗುವ ಆ 5 ವೋಲ್ಟ್ ತಂತಿ ಈಗ ಬೇರೆಯಾಯಿತು. ಸಂಪಿನ ಫ್ಲೋಟ್ ಸ್ವಿಚ್ಚನ್ನು ಅದರ ಮಧ್ಯೆ ಸೇರಿಸಿ. ಸಂಪು ಬತ್ತಿದರೆ ಫ್ಲೋಟ್ ಬಿಡುತ್ತದೆ, ರಿಲೇಗೆ ಶಕ್ತಿ ಹೋಗುತ್ತದೆ, ಕಾಂಟ್ಯಾಕ್ಟರ್ ಬೀಳುತ್ತದೆ. ಇಎಸ್‌ಪಿ32 ಹ್ಯಾಂಗ್ ಆಗಿದ್ದರೂ, ಕೋಡಿನಲ್ಲಿ ಏನೇ ತಪ್ಪಿದ್ದರೂ ಮೋಟರ್ ನಿಲ್ಲುತ್ತದೆ. ನೀರೊಳಗೆ 230 ವೋಲ್ಟ್ ಇಳಿಸಿದಂತೆಯೂ ಆಗಲಿಲ್ಲ. ತಾರಸಿಯಿಂದ ಕೇಬಲ್ ಎಳೆದಿದ್ದರೆ ಮೇಲಿನ ಟ್ಯಾಂಕಿನ ಫ್ಲೋಟನ್ನೂ ಇದೇ ತಂತಿಯಲ್ಲಿ ಸಾಲಾಗಿ ಸೇರಿಸಿ, ಅದು ನೂರರ ಗುರುತಿಗಿಂತ 3 ಸೆಂ.ಮೀ. ಮೇಲೆ ಬಿಡುವಂತಿರಲಿ. ಕೇಬಲ್ ಇಲ್ಲದವರಿಗೆ ಕೊನೆಯ ಕಾವಲು ಟೈಮರ್ ರಿಲೇ. ಟೈಮರ್‌ನ ಕಾಯಿಲನ್ನು ಕಾಂಟ್ಯಾಕ್ಟರ್ ಕಾಯಿಲ್‌ನ ಜೊತೆಗೇ ಜೋಡಿಸಿದರೆ ಕಾಂಟ್ಯಾಕ್ಟರ್ ಬಿದ್ದ ತಕ್ಷಣ ಟೈಮರೂ ರೀಸೆಟ್ ಆಗಿ ಮೋಟರ್ ಮತ್ತೆ ಎದ್ದುಕೊಳ್ಳುತ್ತದೆ. ಹಾಗಾಗಿ ಟೈಮರ್‌ಗೆ ಶಕ್ತಿಯನ್ನು ನಮ್ಮ ರಿಲೇಯ ಎರಡನೇ ಚಾನೆಲ್‌ನಿಂದ, ಮೊದಲನೆಯದರ ಜೊತೆಗೇ ಆನ್ ಆಗುವಂತೆ ಕೊಡಿ. ನಲವತ್ತು ನಿಮಿಷಕ್ಕೆ ಇಡಿ.

ಪಿನ್ ಆರಿಸುವಾಗ: ರಿಲೇಗೆ 25, 26, 27, 32, 33 ಒಳ್ಳೆಯವು. 5 ಮತ್ತು 14 ಬೂಟ್ ಆಗುವಾಗ ತಾವಾಗಿಯೇ ಅಲುಗುತ್ತವೆ. 12ನ್ನು ಯಾರಾದರೂ ಮೇಲೆಳೆದು ಹಿಡಿದರೆ ಬೋರ್ಡ್ ಬೂಟೇ ಆಗುವುದಿಲ್ಲ. 6ರಿಂದ 11 ಫ್ಲ್ಯಾಶ್‌ಗೆ (ಕೋಡು ಉಳಿಯುವ ಮೆಮೊರಿ) ಸೇರಿದವು. 34ರಿಂದ 39 ಓದಲಷ್ಟೇ ಬರುತ್ತವೆ, ಒಳಗೆ ಪುಲ್-ಅಪ್ (ಪಿನ್ನನ್ನು ಮೇಲೆಳೆದು ಹಿಡಿಯುವ ರೆಸಿಸ್ಟರ್) ಕೂಡ ಇಲ್ಲ.

ಬೋರ್‌ವೆಲ್ ಪ್ಯಾನೆಲ್‌ನಲ್ಲಿ ಹಸಿರು, ಕೆಂಪು ಗುಂಡಿಗಳಿರುತ್ತವೆ. ಒಂದು ರಿಲೇಯನ್ನು ಕೆಂಪು ಗುಂಡಿಯ ಜೊತೆ ಸಾಲಾಗಿ, ಆನ್ ಇದ್ದರಷ್ಟೇ ಓಡಲು ಅನುಮತಿ ಎನ್ನುವಂತೆ ಹಾಕಿ. ಇನ್ನೊಂದನ್ನು ಹಸಿರು ಗುಂಡಿಗೆ ಸಮಾಂತರವಾಗಿ ಹಾಕಿ, ಒಂದು ಸೆಕೆಂಡ್ ಮಾತ್ರ ಒತ್ತಿ ಬಿಡಲಿ. ಬೋರ್ಡ್ ಸತ್ತರೆ ಅನುಮತಿ ಹೋಗಿ ಸ್ಟಾರ್ಟರ್ ಬೀಳುತ್ತದೆ. ಮೂರು ಫೇಸ್ ಸ್ಟಾರ್ಟರ್‌ಗಳ ಕಾಯಿಲ್ ಹೆಚ್ಚಾಗಿ 415 ವೋಲ್ಟ್‌ನದು, 250 ವೋಲ್ಟ್ ರಿಲೇಯನ್ನು ಅದಕ್ಕೆ ನೇರ ಹಾಕುವಂತಿಲ್ಲ.

ಪ್ರೋಗ್ರಾಂ

ಮೂರು ಸ್ಥಿತಿಗಳು ಸಾಕು: ನಿಂತಿದೆ, ಓಡುತ್ತಿದೆ, ಬೀಗ ಬಿದ್ದಿದೆ. ಆನ್ ಮಾಡಲು ಎಲ್ಲ ಷರತ್ತುಗಳೂ ಕೂಡಿಬರಬೇಕು, ಆಫ್ ಮಾಡಲು ಯಾವುದಾದರೂ ಒಂದು ಸಾಕು. ಇಡೀ ಕೋಡು ಈ ವ್ಯತ್ಯಾಸದ ಮೇಲೆ ನಿಂತಿದೆ.

ಆನ್ ಆಗಲು: ಕೊನೆಯ ಸಂದೇಶ ಬಂದು 30 ಸೆಕೆಂಡ್ ಮೀರಿರಬಾರದು, ನೀರು ಶೇ. 40ಕ್ಕಿಂತ ಕೆಳಗಿದೆ ಎಂದು ಸತತ ಹನ್ನೆರಡು ಸಂದೇಶಗಳು ಹೇಳಿರಬೇಕು, ಹಿಂದಿನ ಸಲ ನಿಂತು ಐದು ನಿಮಿಷವಾಗಿರಬೇಕು. ಆಫ್ ಆಗಲು: ಶೇ. 95 ಮುಟ್ಟಿದರೆ, 60 ಸೆಕೆಂಡ್ ಮೇಲಿನಿಂದ ಸುದ್ದಿಯೇ ಇಲ್ಲದಿದ್ದರೆ, ಸೆನ್ಸರ್ ಸತತ ಮೂರು ಸಲ ತಪ್ಪು ಎಂದರೆ, ಎರಡು ಸಂದೇಶಗಳ ನಡುವೆ ಮಟ್ಟ 3 ಸೆಂ.ಮೀ.ಗಿಂತ ಹೆಚ್ಚು ಜಿಗಿದರೆ. ಐದು ಸೆಕೆಂಡಿನಲ್ಲಿ ಮೂವತ್ತು ಲೀಟರ್ ನೀರು ಬರುವುದೂ ಇಲ್ಲ, ಹೋಗುವುದೂ ಇಲ್ಲ. ಮೇಲಿನ ಕ್ರಮಸಂಖ್ಯೆ ಹೆಚ್ಚದೆ ಅದೇ ಸಂದೇಶ ಮತ್ತೆ ಬಂದರೆ ಅದು ಸುದ್ದಿಯಲ್ಲ, ಲೆಕ್ಕಕ್ಕೆ ಹಿಡಿಯಬೇಡಿ.

ಇನ್ನೆರಡು ಕಾರಣಗಳಿಗೆ ಬರೀ ಆಫ್ ಸಾಲದು, ಬೀಗ ಬೀಳಬೇಕು. ಮೊದಲನೆಯದು ನೀರು ಏರದಿರುವುದು. ನಿಮಿಷಕ್ಕೆ 2.6 ಸೆಂ.ಮೀ. ಏರುವ ಟ್ಯಾಂಕಿನಲ್ಲಿ ಐದು ನಿಮಿಷಕ್ಕೆ 13 ಬರಬೇಕು. ಮನೆಯಲ್ಲಿ ಸ್ನಾನ, ವಾಷಿಂಗ್ ಮಷೀನ್ ಎಂದು ನಿಮಿಷಕ್ಕೆ 15 ಲೀಟರ್ ಖರ್ಚಾಗುತ್ತಿದ್ದರೂ ಉಳಿದ 10 ಲೀಟರ್‌ನಿಂದ 5 ಸೆಂ.ಮೀ. ಏರುತ್ತದೆ. ಆದ್ದರಿಂದ 4 ಸೆಂ.ಮೀ. ಗಡಿ. ಅಷ್ಟೂ ಏರದಿದ್ದರೆ ಫುಟ್‌ವಾಲ್ವ್ (ಪೈಪಿನ ನೀರು ಸಂಪಿಗೆ ಮರಳದಂತೆ ತಡೆಯುವ ಕವಾಟ) ಬಿಟ್ಟಿದೆ, ಗಾಳಿ ಹಿಡಿದಿದೆ ಅಥವಾ ಸಂಪಿನ ಫ್ಲೋಟ್ ಸಿಕ್ಕಿಕೊಂಡಿದೆ. ಎರಡನೆಯದು ಸಮಯ. ಶೇ. 40ರಿಂದ 95ಕ್ಕೆ 58 ಸೆಂ.ಮೀ., ಅಂದರೆ 22 ನಿಮಿಷ. ಅದರ ಒಂದೂವರೆ ಪಟ್ಟು, 33 ನಿಮಿಷ ದಾಟಿದರೆ ಏನೋ ಸರಿಯಿಲ್ಲ. ಬೀಗ ಬಿದ್ದ ಮೇಲೆ ಮನುಷ್ಯರು ಬಂದು ಗುಂಡಿ ಒತ್ತುವವರೆಗೆ ತೆರೆಯಬಾರದು. ‘ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ನೋಡೋಣ’ ಎಂಬ ಕೋಡು ರಾತ್ರಿಯಿಡೀ ಒಣ ಮೋಟರನ್ನು ಮತ್ತೆಮತ್ತೆ ತಿರುಗಿಸಿ ಮೆಕ್ಯಾನಿಕಲ್ ಸೀಲ್ ಸುಟ್ಟುಹಾಕುತ್ತದೆ. ಬೀಗದ ಸ್ಥಿತಿಯನ್ನು ಫ್ಲ್ಯಾಶ್‌ನಲ್ಲಿ ಉಳಿಸಿ, ಇಲ್ಲದಿದ್ದರೆ ಕರೆಂಟ್ ಹೋಗಿ ಬಂದರೆ ಬೀಗ ಮರೆತುಹೋಗುತ್ತದೆ. ಆದರೆ ಸಂಪು ಖಾಲಿಯಾದದ್ದಕ್ಕೆ ಬೀಗ ಬೀಳಬಾರದು. ದಿನ ಬಿಟ್ಟು ದಿನ ನಲ್ಲಿ ನೀರು ಬರುವ ಬೀದಿಗಳಲ್ಲಿ ಅದು ಮಾಮೂಲು. ಫ್ಲೋಟ್‌ನ ಸ್ಥಿತಿಯನ್ನು ಬೋರ್ಡೂ ಓದುವಂತೆ ಇನ್ನೊಂದು ಪಿನ್ನಿಗೆ, ಡಿವೈಡರ್ ಮೂಲಕ, ಕೊಟ್ಟುಕೊಂಡರೆ ಸುಮ್ಮನೆ ಕಾಯಬಹುದು.

ಸಮಯ ಅಳೆಯುವಾಗ ಮಿಲಿಸೆಕೆಂಡ್ ಎಣಿಕೆ 49.7 ದಿನಕ್ಕೊಮ್ಮೆ ಸೊನ್ನೆಗೆ ಮರಳುತ್ತದೆ. ‘ಶುರುವಾದದ್ದಕ್ಕೆ ಅವಧಿಯನ್ನು ಕೂಡಿದರೆ ಬರುವುದಕ್ಕಿಂತ ಈಗಿನದು ಹೆಚ್ಚೇ’ ಎಂದು ಬರೆದರೆ ಆ ದಿನ ಕೈಕೊಡುತ್ತದೆ. ‘ಈಗಿನದರಲ್ಲಿ ಶುರುವಾದದ್ದನ್ನು ಕಳೆದರೆ ಅವಧಿಗಿಂತ ಹೆಚ್ಚೇ’ ಎಂದು 32 ಬಿಟ್‌ನ ಅನ್‌ಸೈನ್ಡ್ ಸಂಖ್ಯೆಗಳಲ್ಲಿ ಬರೆದರೆ ಯಾವ ದಿನವೂ ತಪ್ಪುವುದಿಲ್ಲ. ವಾಚ್‌ಡಾಗ್ (ಬೋರ್ಡ್ ಹ್ಯಾಂಗ್ ಆದರೆ ತಾನೇ ರೀಸ್ಟಾರ್ಟ್ ಮಾಡುವ ಕಾವಲು) ಹತ್ತು ಸೆಕೆಂಡಿಗೆ ಇರಲಿ. ವೈಫೈ ಮೂಲಕ ಹೊಸ ಕೋಡು ಹಾಕುವ ಸೌಲಭ್ಯ ಇಟ್ಟುಕೊಂಡಿದ್ದರೆ, ಅದು ಶುರುವಾದ ಕೂಡಲೇ ಮೊದಲು ರಿಲೇ ಆಫ್.

ಪುಟ್ಟ ಓಎಲ್‌ಇಡಿ ಪರದೆಯಲ್ಲಿ ಕನ್ನಡ ಬರಲಿ ಎಂಬ ಆಸೆ ಎಲ್ಲ ಕನ್ನಡದ ಪ್ರೋಗ್ರಾಮರ್‌ಗೂ ಹುಟ್ಟುತ್ತದೆ. ಮಾಮೂಲಿ ಲೈಬ್ರರಿಗಳು ಅಕ್ಷರವನ್ನು ಒಂದರ ಪಕ್ಕ ಒಂದು ಇಡುತ್ತವೆಯೇ ಹೊರತು ಗುಣಿತ, ಒತ್ತಕ್ಷರ ಜೋಡಿಸುವುದಿಲ್ಲ, ‘ಟ್ಯಾಂಕ್’ ಚೂರುಚೂರಾಗುತ್ತದೆ. ಅಕ್ಷರದ ಗೊಡವೆ ಬಿಟ್ಟು ಪದಗಳನ್ನೇ ಚಿತ್ರ ಮಾಡಿಬಿಡಿ. 64×32 ಚುಕ್ಕಿಯ ಕಪ್ಪು-ಬಿಳುಪು ಚಿತ್ರಕ್ಕೆ 256 ಬೈಟ್. ‘ಓಡುತ್ತಿದೆ’, ‘ನಿಂತಿದೆ’, ‘ಬೀಗ’, ‘ಸಂಪು ಖಾಲಿ’, ನಾಲ್ಕಕ್ಕೆ ಒಂದು ಕಿಲೋಬೈಟ್. ೦ಯಿಂದ ೯ರವರೆಗೆ 24×32ರ ಹತ್ತು ಚಿತ್ರಗಳಿಗೆ 960 ಬೈಟ್. ಮನೆಯವರೆಲ್ಲ ಓದುವ ಪರದೆ ಎರಡೇ ಕಿಲೋಬೈಟಿನಲ್ಲಿ ಮುಗಿಯಿತು.

ಮೋಟರ್ ಜೋಡಿಸುವ ಮುಂಚೆ

ಕಾಂಟ್ಯಾಕ್ಟರ್‌ನ ಔಟ್‌ಪುಟ್‌ಗೆ ಮೋಟರ್ ಬದಲು ಒಂದು ಬಲ್ಬು ಹಾಕಿ, ಎರಡು ದಿನ ಹಾಗೇ ಬಿಡಿ. ಬಲ್ಬು ಉರಿಯುತ್ತಿರುವಾಗ ಒಂದೊಂದನ್ನೇ ಕೆಡಿಸಿ. ಮೇಲಿನ ಬೋರ್ಡ್‌ನ ಕರೆಂಟ್ ತೆಗೆದರೆ ಒಂದು ನಿಮಿಷದೊಳಗೆ ಬಲ್ಬು ಆರಬೇಕು. ಸೆನ್ಸರ್‌ನ ತಂತಿ ಕಿತ್ತರೆ ಆರಬೇಕು. ಸೆನ್ಸರ್ ಮುಂದೆ ತಟ್ಟೆ ಹಿಡಿದರೆ ಆರಬೇಕು, ತಟ್ಟೆ ತೆಗೆದ ತಕ್ಷಣ ಮತ್ತೆ ಹತ್ತಿಕೊಳ್ಳಬಾರದು. ಸಂಪಿನ ಫ್ಲೋಟ್ ಎತ್ತಿ ಇಳಿಸಿ. ರೂಟರ್ ಆಫ್ ಮಾಡಿ, ಚಾನೆಲ್ ಬದಲಿಸಿ ಆನ್ ಮಾಡಿ. ಕೆಳಗಿನ ಬೋರ್ಡ್‌ನ ರೀಸೆಟ್ ಗುಂಡಿಯನ್ನು ಹಿಡಿದುಕೊಂಡೇ ಇರಿ. ಬಲ್ಬು ಇದ್ದಾಗ ನೀರು ಏರುವುದಿಲ್ಲವಲ್ಲ, ಐದು ನಿಮಿಷಕ್ಕೆ ತಾನಾಗಿ ಬೀಗ ಬೀಳಬೇಕು. ಬೀಳದಿದ್ದರೆ ಆ ಭಾಗದ ಕೋಡು ತಪ್ಪಿದೆ. ಬೇರೆ ಪರೀಕ್ಷೆ ಮಾಡುವಾಗಷ್ಟೇ ಅದನ್ನು ತಾತ್ಕಾಲಿಕವಾಗಿ ಆಫ್ ಮಾಡಿ, ತಿರುಗಿ ಆನ್ ಮಾಡಲು ಮರೆಯಬೇಡಿ.

ಆರು ತಿಂಗಳಿಗೊಮ್ಮೆ ಟ್ಯಾಂಕ್ ತೊಳೆಯುವ ದಿನವೇ ಬಿಲ್ಲೆಯನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ, ಜೇಡರ ಬಲೆ ತೆಗೆಯಿರಿ. ಕೆಳಗಿನ ಡಬ್ಬಿಯ ಶತ್ರುಗಳು ಬೇರೆ: ಇರುವೆ ಮತ್ತು ಹಲ್ಲಿ. ಕಾಂಟ್ಯಾಕ್ಟರ್‌ನ ಬೆಚ್ಚನೆಯ ಸಂದಿಯಲ್ಲಿ ಇರುವೆ ಗೂಡುಕಟ್ಟಿದರೆ ಕಾಂಟ್ಯಾಕ್ಟ್ ಪೂರ್ತಿ ಕೂರದೆ ಗರ್ ಎನ್ನುತ್ತದೆ. ಸದ್ದು ಕೇಳಿದ ದಿನವೇ ಎಂಸಿಬಿ ಇಳಿಸಿ ಬಿಚ್ಚಿ ನೋಡಿ, ಬಳಸದ ಗ್ಲ್ಯಾಂಡ್ ತೂತುಗಳಿಗೆಲ್ಲ ಬಿರಡೆ ಹಾಕಿ.